ಝುಲ್ಮೀರಾ ಇನ್ನೂ ಹಡಗಿನಲ್ಲೇ ಇದ್ದಾಳೆ

"ನಮ್ಮವ್ವ ಸಿಕ್ಕಿದ್ರೆ ಹೇಳು ಬೆಲಾರ್ಮಿನೊ, ಮನೆಯೊಳಕ್ಕೇ ನಲ್ಲಿ ಬಂದಿದೆ ಅಂತ," ಎನ್ನುತ್ತ ನ್ಯಾ ಗುಡಾ ಶವಪೆಟ್ಟಿಗೆಯ ಅಂಚಿಗೆ ಎರಡೂ ಕೈಯೂರಿ ಸತ್ತವನ ಕಿವಿಯ ಬಳಿ ಬಗ್ಗಿದಳು. "ಬೇರೆ ಯಾರು ಹೇಳಿದ್ರೂ ಅವಳು ನಂಬಲ್ಲ. ನೀನು ನೀರಿನ ಆಫೀಸಿನೋನು, ನಿನ್ನ ಮಾತು ನಂಬ್ತಾಳೆ. ತಲೆ ಮೇಲೆ ಡಬ್ಬ ಹೊತ್ತು ಹೊತ್ತು ಕತ್ತು ಕುಗ್ಗಿಹೋಗಿತ್ತು ಮುದುಕೀದು. ಈಗ ತಿರುಪಿದ್ರೆ ಸಾಕು, ಬರುತ್ತೆ ಅಂತ ಹೇಳು. ದಿನಾ ಬರಲ್ಲ. ಅದನ್ನ ಹೇಳೋಕೆ ಹೋಗಬೇಡ."

"ಸಾಕು ಬಾರೆ, ಹಿಂದೆ ಇನ್ನೂ ಹನ್ನೆರಡು ಜನ ನಿಂತಿದಾರೆ," ಎಂದು ಯಾರೋ ಅವಳ ಶಾಲು ಜಗ್ಗಿದರು.

ನಮ್ಮ ದ್ವೀಪದ ಮಿಂಡೆಲೊ ಬಂದರಿನಿಂದ ಯಾರು ಹಡಗು ಹತ್ತಿದರೂ ಅರ್ಧ ಊರಿನ ಕ್ಷೇಮಸಮಾಚಾರ ಹೊತ್ತೇ ಹೋಗಬೇಕು. ಸತ್ತವರಿಗೂ ಅದರಿಂದ ಬಿಡುಗಡೆಯಿಲ್ಲ. ಪೆಟ್ಟಿಗೆಯ ಮುಚ್ಚಳ ಹಾಕುವ ಮುಂಚೆ ಒಬ್ಬೊಬ್ಬರಾಗಿ ಬಂದು, ಮೊದಲೇ ಹೋದ ತಮ್ಮವರಿಗೆ ತಿಳಿಸಬೇಕಾದದ್ದನ್ನು ಹೇಳಿ ಕಳಿಸುತ್ತಾರೆ. ಎಲ್ಲರದೂ ಮುಗಿದ ಮೇಲೆ ಹೆಂಡತಿಯ ಸರದಿ. ಅವಳು ದನಿಯೆತ್ತಿ, ಗಂಡನ ಬದುಕನ್ನು ಹಾಡಿನ ಹಾಗೆ ಹೇಳುತ್ತ ಅಳಬೇಕು. ಅಳದೆ ಕಳಿಸಿದರೆ ಹೋದವನು ದಾರಿಯಲ್ಲೇ ನಿಂತು ಹಿಂದಕ್ಕೆ ನೋಡುತ್ತಿರುತ್ತಾನೆ ಎಂದು ನಮ್ಮ ಹೆಂಗಸರ ನಂಬಿಕೆ.

ತೊತೋಯಾ ಬೆಳಗಿನಿಂದ ಅತ್ತಿರಲಿಲ್ಲ. ಪೆಟ್ಟಿಗೆಯ ತಲೆಯ ಕಡೆ ಕುರ್ಚಿ ಹಾಕಿಕೊಂಡು, ಕಪ್ಪು ಲಂಗದ ಮೇಲೆ ಕೈಯಿಟ್ಟು ಕುಳಿತಿದ್ದಳು. ಅರವತ್ತೆಂಟು ವರ್ಷದ ಗಟ್ಟಿ ಹೆಂಗಸು, ಬೀದಿಯಲ್ಲಿ ಮೀನಿನವನ ಜೊತೆ ಚೌಕಾಸಿಗೆ ನಿಂತರೆ ಬಂದರಿನ ತನಕ ಕೇಳಿಸುವ ಗಂಟಲು. ಆ ಗಂಟಲು ಇವತ್ತು ಸುಮ್ಮನಿದ್ದದ್ದು ಯಾರಿಗೂ ಸರಿ ಕಾಣಲಿಲ್ಲ.

"ಬಾಯಿ ಬಿಡೆ ತೊತೋಯಾ. ನಾಲ್ಕಕ್ಕೆ ಪಾದ್ರಿ ಬಂದುಬಿಡ್ತಾರೆ."

"ನಲವತ್ತಾರು ವರ್ಷ ಬಾಳಿದೋನು ಕಣೆ. ಒಂದು ಕೂಗಾದ್ರೂ ಹಾಕಬಾರದಾ."

"ಎದೆ ಕಟ್ಟಿದೆ ಪಾಪ. ಒಂದು ಗುಟುಕು ಕಬ್ಬಿನ ಸಾರಾಯಿ ಕೊಡಿ."

"ಎದೆ ಕಟ್ಟಿಲ್ಲ, ಜಂಬ. ಕತೆ ಬರೆಯೋನ ಹೆಂಡತಿ ನಮ್ಮ ಹಾಗೆ ಬಾಯಿ ಬಡ್ಕೋತಾಳಾ."

ತೊತೋಯಾಳಿಗೆ ಎಲ್ಲವೂ ಕೇಳಿಸುತ್ತಿತ್ತು. ಬಾಯಿ ತೆರೆದರೆ ಮೊದಲು ಹೊರಬೀಳುವ ಮಾತು ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಡುಗೆಮನೆಯಲ್ಲಿ ಮೆಕ್ಕೆಜೋಳದ ಡ್ರಮ್ಮಿನ ತಳದಲ್ಲಿ ಗಂಡ ಬರೆದ ಕೊನೆಯ ಕತೆಯ ನಾಲ್ಕು ಹಾಳೆಗಳಿದ್ದವು. ಬಚ್ಚಿಟ್ಟವಳು ಅವಳೇ. ಎಲ್ಲಿಟ್ಟೆ, ಎಲ್ಲಿಟ್ಟೆ ಎಂದು ಹುಡುಕಿದವನು, ತನಗೆ ಮರೆವು ಬಂತೆಂದೇ ತಿಳಿದು ಸತ್ತುಹೋದನಲ್ಲ ಎಂದು ಅವಳ ಒಳಗು ಸುಡುತ್ತಿತ್ತು. ಅದನ್ನು ನುಂಗಿಕೊಂಡು ಅವನ ಮುಖದೆದುರು ಹಾಡಿ ಅಳುವುದು ಅವಳಿಂದಾಗಲಿಲ್ಲ.

ಬಾಗಿಲ ಹತ್ತಿರ ಹ್ಯಾಟು ಕೈಯಲ್ಲಿ ಹಿಡಿದು ಅನಿಸೆಟೊ ನಿಂತಿದ್ದ. ವರ್ಷಕ್ಕೆರಡು ಸಲ ಹೊರಬರುವ ಎಂಟು ಪುಟದ ಸಣ್ಣ ಪತ್ರಿಕೆಯೊಂದರ ಮುದ್ರಕ, ಬೆಲಾರ್ಮಿನೊನ ಗೆಳೆಯ. ಬೆಳಿಗ್ಗೆ ಬಂದವನೇ ತೊತೋಯಾಳ ಕೈ ಹಿಡಿದು, "ಪತ್ರಿಕೇಲಿ ಅವನ ಜಾಗ ಹಾಗೇ ಇಟ್ಟಿದೀನಿ ಅಕ್ಕಾ," ಎಂದಷ್ಟೇ ಹೇಳಿದ್ದ. ಅವನು ಹಾಳೆಗಳನ್ನು ಕೇಳುತ್ತಿದ್ದಾನೆ ಎಂದುಕೊಂಡು ಅವಳು ಕೈ ಬಿಡಿಸಿಕೊಂಡಿದ್ದಳು.

*

ಅದೆಲ್ಲ ಶುರುವಾದದ್ದು ಮೂವತ್ತಮೂರು ವರ್ಷದ ಹಿಂದೆ, ನಮ್ಮನ್ನು ಇನ್ನೂ ಲಿಸ್ಬನ್ನಿನವರು ಆಳುತ್ತಿದ್ದ ಕಾಲದಲ್ಲಿ. ಬೆಲಾರ್ಮಿನೊ ಬಂದರಿನಲ್ಲಿ ಹಡಗುಗಳಿಗೆ ಕುಡಿಯುವ ನೀರು ಅಳೆದು ಕೊಡುವ ಗುಮಾಸ್ತ. ಸಂಜೆ ಮನೆಗೆ ಬಂದು ಅಂಗಳದಲ್ಲಿ ಕೂತು ಬರೆಯುತ್ತಿದ್ದ. ತೊತೋಯಾ ಎದುರಿಗೆ ಒರಳಿನಲ್ಲಿ ಜೋಳ ಕುಟ್ಟುತ್ತಿದ್ದಳು. ಬರೆದದ್ದನ್ನು ಅವನು ಓದುತ್ತ ಹೋಗುವುದು, ಎಲ್ಲಿ ಒನಕೆ ನಿಂತಿತೋ ಆ ವಾಕ್ಯ ಹೊಡೆದುಹಾಕುವುದು, ಇದು ಅವರ ಪದ್ಧತಿ. ಅವಳು ಯಾಕೆ ನಿಲ್ಲಿಸಿದಳೆಂದು ಅವನು ಕೇಳುತ್ತಿರಲಿಲ್ಲ. ಕೇಳಿದ್ದರೂ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಮೊದಲ ಕತೆಯಲ್ಲಿ ಝುಲ್ಮೀರಾ ಎಂಬ ಹೆಂಗಸು, ತಿಮಿಂಗಿಲ ಬೇಟೆಯ ಹಡಗು ಹತ್ತಿ ಹೋದ ಗಂಡನಿಗಾಗಿ ಬಂದರಿನಲ್ಲಿ ಕಾಯುತ್ತಾಳೆ. ಕತೆ ಮುಗಿದಾಗಲೂ ಕಾಯುತ್ತಲೇ ಇರುತ್ತಾಳೆ. ಅದನ್ನು ಕ್ಷೌರದಂಗಡಿಯಲ್ಲಿ ಗಟ್ಟಿಯಾಗಿ ಓದಿದರು, ಜನ ಕಣ್ಣೊರೆಸಿಕೊಂಡರು, ಬೆಲಾರ್ಮಿನೊ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಮರುವರ್ಷ ಮೊಜಾಂಬಿಕಿನ ಕಡೆಯಿಂದ ಬಂದ ಹಡಗಿನ ಅಡುಗೆಯವನು ಕ್ವಿಲಿಮಾನೆ ಊರಿನ ಒಂದು ಪತ್ರಿಕೆ ತಂದುಕೊಟ್ಟ. ಅದರಲ್ಲಿ ಲಿದುವೀನಾ ಎಂಬ ಶಾಲೆಯ ಟೀಚರು ಬರೆದ ಕತೆಯಿತ್ತು. ಗಂಟು ಹೊತ್ತ ಹೆಂಗಸೊಬ್ಬಳು ಕ್ವಿಲಿಮಾನೆಯ ದಡದಲ್ಲಿ ಇಳಿದು, ನನ್ನ ಹೆಸರು ಝುಲ್ಮೀರಾ, ಮಿಂಡೆಲೊದವಳು, ನಿಂತು ನಿಂತು ಕಾಲು ನೊಂದಿತು, ಅದಕ್ಕೇ ನಾನೇ ಹೊರಟುಬಂದೆ ಎನ್ನುತ್ತಾಳೆ.

ಬೆಲಾರ್ಮಿನೊ ಮೂರು ದಿನ ಉರಿದುಬಿದ್ದ.

"ಕೇಳದೆ ಹೇಳದೆ ನನ್ನ ಹೆಂಗಸನ್ನ ಎತ್ಕೊಂಡು ಹೋಗಿದಾಳಲ್ಲೇ."

"ನೀನು ಅವಳನ್ನ ಬಿಸಿಲಲ್ಲಿ ನಿಲ್ಲಿಸಿದ್ದೆ," ಎಂದಳು ತೊತೋಯಾ ಒನಕೆ ಎತ್ತುತ್ತ. "ಆಕೆ ಕರೆದು ನೆರಳಲ್ಲಿ ಕೂರಿಸಿದ್ಲು. ಅದಕ್ಕೆ ಕೋಪ ಯಾಕೆ."

ನಾಲ್ಕನೆಯ ದಿನ ಅವನು ಉತ್ತರ ಬರೆದ. ಕಾಗದವಲ್ಲ, ಕತೆ. ಆ ಕಾಲದಲ್ಲಿ ಕಾಗದಗಳನ್ನು ಪೊಲೀಸರು ಒಡೆದು ನೋಡುತ್ತಿದ್ದರು. ಹೆಂಗಸೊಬ್ಬಳು ತೆಂಗಿನಕಾಯಿ ಮಾರುವ ಕತೆಯಲ್ಲಿ ಸರ್ಕಾರಕ್ಕೆ ಏನೂ ಕಾಣುತ್ತಿರಲಿಲ್ಲ. ಕ್ವಿಲಿಮಾನೆಯ ಮಳೆಗೆ ಬೇಸತ್ತು ಝುಲ್ಮೀರಾ ನಮ್ಮ ಒಣಗಾಳಿಯನ್ನು ನೆನೆಯುತ್ತಾಳೆ ಎಂದು ಇವನು ಬರೆದರೆ, ಮಳೆಯಲ್ಲಿ ನೆನೆದು ಅವಳ ಕೂದಲು ಎಷ್ಟು ಚೆನ್ನಾಗಿ ಬೆಳೆಯಿತು ಎಂದು ಆಕೆ ಬರೆದಳು. ನಡುವೆ ಬ್ರೆಜಿಲಿನ ಬೆಲೆಂ ಊರಿನ ಔಷಧಿ ಅಂಗಡಿಯವನೊಬ್ಬ ಎಲ್ಲಿಂದಲೋ ಇದನ್ನೆಲ್ಲ ಓದಿ, ಆ ಗಂಡ ಸತ್ತಿಲ್ಲ, ನಮ್ಮೂರಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡು ಮೀನಿನ ಬಲೆ ಹೆಣೆಯುತ್ತಿದ್ದಾನೆ ಎಂದು ಕತೆ ಹಾಕಿದ. ಲಿದುವೀನಾ ಝುಲ್ಮೀರಾಳನ್ನು ಅಲ್ಲಿಗೂ ಕಳಿಸಿದಳು. ಝುಲ್ಮೀರಾ ಹೋಗಿ, ಗಂಡನನ್ನು ನೋಡಿ, ಅವನ ಎರಡನೆಯ ಹೆಂಡತಿ ಮಾಡಿಕೊಟ್ಟ ಕಾಫಿ ಕುಡಿದು, ಕಾಫಿ ಚೆನ್ನಾಗಿದೆ ಎಂದಷ್ಟೇ ಹೇಳಿ ವಾಪಸು ಬಂದಳು. ಆ ಸಾಲು ಓದಿದಾಗ ತೊತೋಯಾ ನಕ್ಕು ನಕ್ಕು ಒರಳಿನ ಪಕ್ಕವೇ ಕೂತುಬಿಟ್ಟಳು.

ಈ ಮೂವರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆಳಿದವರು ಬಿಟ್ಟುಹೋದ ಭಾಷೆಯೊಂದು ಮೂರು ಕಡೆಯೂ ಒಂದೇ ಆಗಿತ್ತು, ಅಷ್ಟೇ. ಅವರ ಆಟಕ್ಕೆ ಯಾರೂ ಹೇಳದ ಒಂದು ನೇಮವಿತ್ತು. ಇನ್ನೊಬ್ಬರು ಬರೆದದ್ದನ್ನು ಸುಳ್ಳೆನ್ನುವ ಹಾಗಿಲ್ಲ, ಅಲ್ಲಿಂದ ಮುಂದಕ್ಕೆ ಹೋಗಬೇಕು.

ತೊತೋಯಾಳಿಗೆ ಝುಲ್ಮೀರಾಳ ಮೇಲೆ ಹೊಟ್ಟೆಕಿಚ್ಚು ಆಗಲಿಲ್ಲವೆಂದರೆ ಸುಳ್ಳಾದೀತು. "ಅವಳಿಗೆ ಮೂರು ಸಮುದ್ರ, ನನಗೆ ಈ ಒರಳು. ಎದುರಿಗೆ ಕಾಣೋ ದ್ವೀಪಕ್ಕಾದ್ರೂ ಕರ್ಕೊಂಡು ಹೋದೆಯಾ ನೀನು."

"ದೋಣಿ ಕಂಡ್ರೆ ದಡದಲ್ಲೇ ವಾಂತಿ ಮಾಡ್ತೀಯಲ್ಲೇ."

ಅದೂ ನಿಜವೇ. ಮಕ್ಕಳಿಲ್ಲದ ಮನೆ, ಹೋಗಿಬರುವ ನೆಂಟರಿಲ್ಲ. ಬರುಬರುತ್ತ ಅವಳು ಝುಲ್ಮೀರಾಳ ಜೊತೆಗೇ ಹೊರಡತೊಡಗಿದಳು. ಕ್ವಿಲಿಮಾನೆಯಲ್ಲಿ ಯಾವ ಬೀದಿಯಲ್ಲಿ ತೆಂಗಿನಕಾಯಿಗೆ ಗಿರಾಕಿ ಹೆಚ್ಚು ಎಂದು ಅವಳಿಗೆ ಗೊತ್ತಿತ್ತು. ಮೊಜಾಂಬಿಕಿನಲ್ಲಿ ಯುದ್ಧ ಹತ್ತಿಕೊಂಡು ಆರು ವರ್ಷ ಲಿದುವೀನಾಳಿಂದ ಒಂದು ಸಾಲೂ ಬರದಿದ್ದಾಗ, ಬರೀ ಎರಡು ಪುಟದ ಕತೆ ಬರೆಸಿದವಳು ತೊತೋಯಾಳೇ. ಅದರಲ್ಲಿ ಏನೂ ನಡೆಯುವುದಿಲ್ಲ. ಝುಲ್ಮೀರಾ ಬಾಗಿಲಲ್ಲಿ ಕೂತು, ಒಳಗೆ ಯಾರಾದರೂ ಇದ್ದೀರಾ ಎಂದು ಕೇಳುತ್ತಾಳೆ. ಏಳನೆಯ ವರ್ಷ ಉತ್ತರ ಬಂತು. ಅದೂ ಎರಡೇ ಪುಟ, ಒಳಗಿನಿಂದ ಯಾರೋ ಕೆಮ್ಮುತ್ತಾರೆ, ಇದ್ದೀನಿ ಎನ್ನುತ್ತಾರೆ. ಬೆಲಾರ್ಮಿನೊ ಪತ್ರಿಕೆ ಹಿಡಿದು ಬಂದರಿನಿಂದ ಮನೆಗೆ ಓಡಿಬಂದಿದ್ದ. ಅವನಿಗಾಗ ಐವತ್ತಾರು.

*

ಹೇಳಿ ಕಳಿಸುವವರ ಸಾಲು ಕರಗಿತು. ಶವದ ಜೊತೆ ನುಡಿಸುತ್ತ ಹೋಗಬೇಕಾದ ಪಿಟೀಲಿನವನು, ಗಿಟಾರಿನವರು ಬೀದಿಯಲ್ಲಿ ಶ್ರುತಿ ಸರಿಮಾಡಿಕೊಳ್ಳುತ್ತಿದ್ದರು. ಪಾದ್ರಿ ಬಂದು ಪ್ರಾರ್ಥನೆ ಮುಗಿಸಿ, ತೊತೋಯಾಳ ಕಡೆ ನೋಡಿ, ಇವಳು ಅಳುವವಳಲ್ಲ ಎಂದುಕೊಂಡು ಮುಚ್ಚಳಕ್ಕೆ ಸನ್ನೆ ಮಾಡಿದರು. ಆಗ ನ್ಯಾ ಗುಡಾ ಜನರನ್ನು ಸರಿಸಿಕೊಂಡು ಮತ್ತೆ ಒಳಗೆ ಬಂದಳು.

"ಒಂದು ಮರೆತಿದ್ದೆ, ತಡೀರಿ. ಬೆಲಾರ್ಮಿನೊ, ನಮ್ಮ ಝುಲ್ಮೀರಾ ಸಿಕ್ಕಿದ್ರೆ ಅವಳಿಗೂ ನಾನು ಕೇಳಿದೆ ಅಂತ ಹೇಳಪ್ಪ. ಪಾಪ, ಎಷ್ಟು ವರ್ಷದ ಮೇಲೆ ಊರಿಗೆ ಹೊರಟಿದ್ಲು. ಬಂದರು ಕಾಣೋವಾಗ ಹಡಗಿನಲ್ಲೇ ಹೋಗಿಬಿಟ್ಲಲ್ಲ."

ನ್ಯಾ ಗುಡಾಳಿಗೆ ಓದು ಬಾರದು. ಕ್ಷೌರದಂಗಡಿಯ ಕಿಟಕಿಯ ಹೊರಗೆ ನಿಂತು ಮೂವತ್ತು ವರ್ಷ ಕೇಳಿದವಳು. ಅದು ಬರೀ ಕತೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಎರಡು ವರ್ಷದಿಂದ ಝುಲ್ಮೀರಾಳ ಸುದ್ದಿ ನಿಂತುಹೋದದ್ದಕ್ಕೆ ಅವಳು ತಾನೇ ಅರ್ಥ ಮಾಡಿಕೊಂಡಿದ್ದಳು. ಪಕ್ಕದಲ್ಲಿದ್ದ ಇಬ್ಬರು ಮುದುಕಿಯರು ಶಿಲುಬೆಯ ಗುರುತು ಹಾಕಿಕೊಂಡರು.

"ಸತ್ತಿಲ್ಲ," ಎಂದಳು ತೊತೋಯಾ.

ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಯಾರೇ ನಿಂಗೆ ಹೇಳಿದ್ದು ಅವಳು ಸತ್ಲು ಅಂತ. ಸತ್ತಿಲ್ಲ." ಅವಳು ಗುಡಾಳನ್ನು ಪಕ್ಕಕ್ಕೆ ತಳ್ಳಿ ಪೆಟ್ಟಿಗೆ ಹಿಡಿದುಕೊಂಡಳು. ಬಂದರಿನ ತನಕ ಕೇಳಿಸುವ ಆ ಗಂಟಲು ಕೊನೆಗೂ ತೆರೆಯಿತು. "ಆ ಸಮಾಚಾರ ಒಯ್ಯಬೇಡವೋ ಬೆಲಾರ್ಮಿನೊ. ಆ ಕಡೆ ಅವಳನ್ನ ಹುಡುಕಬೇಡವೋ. ನಿನ್ನ ಮಾತು ಕೇಳಿ ಸಾಯೋಳಲ್ಲ ಅವಳು, ಇನ್ನೂ ಹಡಗಿನಲ್ಲೇ ಇದಾಳೆ. ನಾನು ಕಣೋ ಇಟ್ಟಿದ್ದು. ನಾನು ಕಣೋ ಬಚ್ಚಿಟ್ಟಿದ್ದು. ಮೇಜು ಹುಡುಕಿದೆ, ಹಾಸಿಗೆ ಹುಡುಕಿದೆ, ನನ್ನ ತಲೆ ಕೆಟ್ಟಿತೇನೇ ತೊತೋಯಾ ಅಂತ ಕೇಳಿದೆ. ನಾನು ಜೋಳ ಆರಿಸ್ತಾ ಕೂತಿದ್ದೆ, ತಲೆ ಎತ್ತಲಿಲ್ಲವಲ್ಲೋ. ಹೋಗ್ತಾ ಹೋಗ್ತಾ ಬೈದು ಹೋಗೋ ನನ್ನ. ಸುಮ್ಮನೆ ಹೋಗಬೇಡವೋ."

ಹೆಂಗಸರೆಲ್ಲ ಅವಳ ದನಿಗೆ ದನಿ ಸೇರಿಸಿದರು. ಅವಳು ಏನು ಹೇಳಿದಳೆಂದು ಯಾರೂ ಲಕ್ಷ್ಯವಿಟ್ಟು ಕೇಳಲಿಲ್ಲ. ಅಳುವಾಗ ಜನ ಏನೇನೋ ಹೇಳುತ್ತಾರೆ.

"ಅಂತೂ ಅತ್ತಳಪ್ಪ," ಎಂದಳು ಜಂಬ ಎಂದಿದ್ದವಳು, ಮೂಗು ಒರೆಸಿಕೊಳ್ಳುತ್ತ. "ಒಳ್ಳೇ ಅಳು."

ಅನಿಸೆಟೊ ಮಾತ್ರ ಹ್ಯಾಟು ಹಾಕಿಕೊಳ್ಳುವುದನ್ನು ಮರೆತು ಅವಳನ್ನೇ ನೋಡುತ್ತಿದ್ದ. ಆಮೇಲೆ ಬಂದು ಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲು ಕೊಟ್ಟ. ಪಿಟೀಲು ಶುರುವಾಯಿತು. ನಮ್ಮ ಕಡೆ ಹಳೆಯ ಕಾಲದ ವಿಧವೆಯರು ಸ್ಮಶಾನಕ್ಕೆ ಹೋಗುವುದಿಲ್ಲ. ಹಾಡು ಬೀದಿಯ ತಿರುವು ದಾಟುವ ತನಕ ತೊತೋಯಾ ಬಾಗಿಲಲ್ಲಿ ನಿಂತಿದ್ದಳು.

*

ಎರಡು ವರ್ಷದ ಹಿಂದೆ ಲಿದುವೀನಾಳ ಕೊನೆಯ ಕತೆ ಬಂದಿತ್ತು. ಅದರಲ್ಲಿ ಮುದುಕಿಯಾದ ಝುಲ್ಮೀರಾ ಕ್ವಿಲಿಮಾನೆಯ ಮನೆಗೆ ಬೀಗ ಹಾಕಿ, ಬೀಗದ ಕೈ ನೆರೆಯವಳಿಗೆ ಕೊಟ್ಟು, ಮಿಂಡೆಲೊಗೆ ಹೊರಡುವ ಹಡಗು ಹತ್ತುತ್ತಾಳೆ. ನಿಮ್ಮವಳನ್ನು ನಿಮಗೆ ಒಪ್ಪಿಸುತ್ತಿದ್ದೇನೆ ಎಂದು ಆಕೆ ಬರೆದಿರಲಿಲ್ಲ, ಆದರೆ ಬೆಲಾರ್ಮಿನೊಗೆ ಅರ್ಥವಾಯಿತು. ಅವನಿಗೆ ಆಗಲೇ ಎದೆಯ ಕಾಯಿಲೆ. ಎಂಟು ದಿನದಲ್ಲಿ ನಾಲ್ಕು ಹಾಳೆ ಬರೆದು ಅಂಗಳದಲ್ಲಿ ಓದಿದ.

ಮೂರು ಹಾಳೆಗಳಲ್ಲಿ ಹಡಗು, ಸಮುದ್ರ, ದೂರದಿಂದ ಕಾಣುವ ನಮ್ಮ ಬೋಳು ಗುಡ್ಡ. ನಾಲ್ಕನೆಯದರಲ್ಲಿ ಝುಲ್ಮೀರಾ ಹಡಗಿನ ಏಣಿಯ ಕೊನೆಯ ಮೆಟ್ಟಿಲ ಮೇಲೆ ಎದೆ ಹಿಡಿದು ಕುಸಿಯುತ್ತಾಳೆ. ಊರಿನವರು ಅವಳ ಮೇಲೆ ಬಿಳಿ ಬಟ್ಟೆ ಹೊದಿಸುತ್ತಾರೆ. ಅಲ್ಲಿಗೆ ಮುಗಿಯುತ್ತದೆ.

ಒನಕೆ ನಿಂತಿತು.

"ಯಾವ ಸಾಲು?" ಎಂದು ಅವನು ಜನ್ಮದಲ್ಲಿ ಮೊದಲ ಸಲ ಕೇಳಿದ.

"ಅಷ್ಟು ದೂರದಿಂದ ಕರೆಸಿ ಸಾಯಿಸ್ತೀಯಾ ಅವಳನ್ನ?"

"ಕತೆಗೆ ಒಂದು ಕೊನೆ ಬೇಡ್ವೇನೇ. ನನಗೂ ವಯಸ್ಸಾಯ್ತು, ಲಿದುವೀನಾಗೂ ಆಯ್ತು. ಯಾರಾದ್ರೂ ಅವಳನ್ನ ಮನೆ ಸೇರಿಸಬೇಕಲ್ಲ."

"ಅದು ಮನೆ ಸೇರಿಸೋದಾ? ನಿಂಗೆ ಎದೆ ನೋವು ಬಂದ್ರೆ ಅವಳಿಗೂ ಬರಬೇಕಾ?"

"ನೀನು ಬೇರೆ ಬರೀತೀಯಾ ಹಾಗಿದ್ರೆ?"

ಅವನು ಸಿಟ್ಟಿನಲ್ಲಿ ಅಂದ ಮಾತು. ತೊತೋಯಾಳಿಗೆ ಬರೆಯಲು ಬರುತ್ತಿದ್ದದ್ದು ತನ್ನ ಹೆಸರು ಮಾತ್ರ. ಅವನು ಮಲಗಿದ್ದಾಗ ಹಾಳೆಗಳನ್ನು ಚೀಲದಲ್ಲಿ ಸುತ್ತಿ ಜೋಳದ ಕೆಳಗೆ ತುರುಕಿದಳು. ಅಚ್ಚಾಗಿ ಹೋದರೆ ಮುಗಿಯಿತು, ಬರೆದದ್ದನ್ನು ಯಾರೂ ಸುಳ್ಳೆನ್ನುವ ಹಾಗಿಲ್ಲ. ಒಂದು ತಿಂಗಳು ಅವನು ಮನೆಯೆಲ್ಲ ಹುಡುಕಿದ, ಆಮೇಲೆ ಹುಡುಕುವುದನ್ನು ಬಿಟ್ಟ. ಕೊಡೋಣ, ಕೊಟ್ಟುಬಿಡೋಣ ಎಂದುಕೊಳ್ಳುತ್ತ ಅವಳು ಎರಡು ವರ್ಷ ಕಳೆದಳು.

*

ಮಣ್ಣು ಮಾಡಿ ಬಂದವರು ಕೈ ತೊಳೆದು, ಕಾಫಿ ಕುಡಿದು, ಗೋಡೆಯುದ್ದಕ್ಕೂ ಹಾಕಿದ್ದ ಕುರ್ಚಿಗಳಲ್ಲಿ ಕೂತರು. ತೊತೋಯಾ ಅಡುಗೆಮನೆಗೆ ಹೋಗಿ, ಡ್ರಮ್ಮಿನೊಳಗೆ ತೋಳು ಇಳಿಸಿ ಚೀಲ ತಂದು, ಎಲ್ಲರೆದುರೇ ಅನಿಸೆಟೊನ ತೊಡೆಯ ಮೇಲಿಟ್ಟಳು.

"ತಗೋ. ಅವನು ಕಳಕೊಂಡಿರಲಿಲ್ಲ, ನಾನು ಕದ್ದಿದ್ದು."

"ಗೊತ್ತು," ಎಂದ ಅನಿಸೆಟೊ.

"ಈಗ ಅಳುವಾಗ ಕೇಳಿಸ್ಕೊಂಡೆ, ಅಲ್ವಾ."

"ಮೊದಲೇ ಗೊತ್ತಿತ್ತು ಅಕ್ಕಾ. ಅವನಿಗೂ ಗೊತ್ತಿತ್ತು." ಅವನು ಲೋಟ ಕೆಳಗಿಟ್ಟ. "ಒಂದು ದಿನ ನೀನು ಮೀನಿಗೆ ಹೋದಾಗ ಡ್ರಮ್ಮಲ್ಲಿ ಸಿಕ್ತಂತೆ. ತಗೊಂಡು ಬಾ, ಅಚ್ಚು ಹಾಕೋಣ ಅಂದೆ. ಬರಲಿಲ್ಲ. ವಾರಕ್ಕೊಂದು ಸಲ ಹೋಗಿ ನೋಡ್ತಿದ್ದ, ಸುಟ್ಟಿದಾಳೋ ಇಟ್ಟಿದಾಳೋ ಅಂತ. 'ಸುಟ್ಟಿಲ್ಲ ಕಣೋ ಅನಿಸೆಟೊ, ಹಾಗಾದ್ರೆ ಜಗಳ ಇನ್ನೂ ಮುಗಿದಿಲ್ಲ. ನಾನು ಹೇಳೋದು ಹೇಳಿ ಆಯ್ತು, ಈಗ ಸರದಿ ಆಕೇದು. ಜಾಗ ಇಟ್ಟಿರು' ಅಂದ."

"ಯಾರದು? ಲಿದುವೀನಾದಾ?"

"ನಿಂದು."

ತೊತೋಯಾಳಿಗೆ ಮೊದಲು ಬಂದದ್ದು ಸಿಟ್ಟು. "ಎರಡು ವರ್ಷ. ಪಕ್ಕದಲ್ಲೇ ಮಲಗಿದ್ದು ಬಾಯಿ ಬಿಡಲಿಲ್ಲ ನೋಡು ಆ ಮುದುಕ," ಎಂದಳು. ಆಮೇಲೆ ಅಳು ಬಂತು, ಹಾಡಿಲ್ಲದ ಅಳು. ಈ ಸಲ ಯಾರೂ ದನಿ ಸೇರಿಸಲಿಲ್ಲ. ಅವನು ಇಲ್ಲದ್ದು ಅವಳಿಗೆ ಆಗ ತಟ್ಟಿತು. ಜಗಳ ಅರ್ಧಕ್ಕೆ ಬಿಟ್ಟು ಹೋಗಿದ್ದ.

ಅನಿಸೆಟೊ ಕಾದ. ಅವನಿಗೆ ಅವಸರವಿರಲಿಲ್ಲ. ಕಡೆಗೆ ಅವಳು ಸೆರಗಿನಂತೆ ಹೊದ್ದಿದ್ದ ಶಾಲಿನಿಂದ ಮುಖ ಒರೆಸಿಕೊಂಡು, ಕುರ್ಚಿಯಲ್ಲಿ ಕೂತು, "ಪೆನ್ಸಿಲ್ ಇದೆಯಾ ನಿನ್ನ ಹತ್ರ," ಎಂದಳು.

"ಇದೆ."

"ಅವನ ನಾಲ್ಕೂ ಹಾಳೆ ಹಾಗೇ ಹಾಕು. ಒಂದು ಸಾಲೂ ತೆಗೀಬೇಡ."

"ನಾಲ್ಕನೇದೂ?"

"ನಾಲ್ಕನೇದೂ. ಬಟ್ಟೆ ಹೊದಿಸಿದ್ರು ಅಂತ ತಾನೇ ಬರೆದಿದಾನೆ. ಹೊದಿಸಲಿ. ಅದರ ಕೆಳಗೆ ಬರಿ." ಮಾತು ಮೊದಮೊದಲು ಎಡವುತ್ತಿತ್ತು. "ಬರಿ. ಝುಲ್ಮೀರಾ ಸತ್ಲು ಅಂತ ಮೊದಲು ಹೇಳಿದ್ದು ನ್ಯಾ ಗುಡಾ. ನ್ಯಾ ಗುಡಾ ಎಲ್ಲರ ಬಗ್ಗೇನೂ ಹಾಗೇ ಹೇಳ್ತಾಳೆ, ಅವಳ ಮಾತು ನಂಬಿ ಪಾದ್ರಿ ಎರಡು ಸಲ ಸುಮ್ಮಸುಮ್ಮನೆ ಸಾವಿನ ಗಂಟೆ ಹೊಡೆಸಿದಾರೆ."

"ನನ್ನ ಹೆಸರು ಯಾಕೆ ಹಾಕಿಸ್ತೀಯೇ," ಎಂದಳು ಗುಡಾ ಮೂಲೆಯಿಂದ. "ಒಂದೇ ಸಲ ಹೊಡೆಸಿದ್ದು."

"ಒಂದು ಸಲ ಅಂತ ಬರಿ. ಬಿಳಿ ಬಟ್ಟೆ ಕೆಳಗೆ ಝುಲ್ಮೀರಾಗೆ ಸೆಕೆ ಆಯ್ತು. ಕ್ವಿಲಿಮಾನೆ ಹೆಂಗಸು, ಅವಳಿಗೆ ಸೆಕೆ ಹೊಸದಲ್ಲ, ಆದ್ರೆ ಬಟ್ಟೆಗೆ ಮೀನಿನ ವಾಸನೆ ಇತ್ತು. ಕೈಯಿಂದ ಸರಿಸಿ ಎದ್ದು ಕೂತ್ಲು."

ಪಿಟೀಲಿನವನು ತಟ್ಟೆಯಲ್ಲಿದ್ದ ಜೋಳದ ರೊಟ್ಟಿ ಮುರಿಯುವುದನ್ನು ಬಿಟ್ಟು ಇತ್ತ ತಿರುಗಿದ. ಜಂಬ ಎಂದಿದ್ದವಳು ಕುರ್ಚಿ ಎಳೆದು ಹತ್ತಿರ ಬಂದಳು. ನ್ಯಾ ಗುಡಾ ಮಾತ್ರ ಎದ್ದೇ ಬಂದು, ಅನಿಸೆಟೊನ ಹೆಗಲ ಮೇಲಿಂದ, ತನಗೆ ಓದಲು ಬಾರದ ಅಕ್ಷರಗಳನ್ನು ಇಣುಕಿ ನೋಡಿದಳು.

"ಎದ್ದು ಕೂತ್ಲಾ?" ಎಂದಳು. "ಆಮೇಲೆ?"

"ಇರೇ ಮಾರಾಯ್ತಿ," ಎಂದಳು ತೊತೋಯಾ. "ಎಷ್ಟು ತಿಂಗಳು ಹಡಗಿನಲ್ಲಿ ಕೂತವಳು, ಕಾಲು ಜೋಮು ಹಿಡಿದಿದೆ. ಹಿಡ್ಕೋ ಅವಳ ಕೈನ, ನೆಲದ ಮೇಲೆ ನಿಲ್ಲಲಿ ಮೊದಲು."